ಒಂದೇ ನೋಟ್‌ಬುಕ್ಕಿನಲ್ಲಿ ಮೂರು ಕೆಲಸ

‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಅಂತ ನಮ್ಮಪ್ಪ ಹೇಳುತ್ತಿದ್ದರು. ಅದನ್ನೇ ನಂಬಿ ಐಟಿಐ ಮುಗಿದ ಮೇಲೆ ಮೋಟರ್ ವೈಂಡಿಂಗ್, ಅಂದರೆ ಸುಟ್ಟ ಮೋಟರ್‌ಗೆ ತಾಮ್ರದ ತಂತಿ ಮತ್ತೆ ಸುತ್ತುವ ಕೆಲಸ, ಅದೊಂದನ್ನೇ ಹಿಡಿದೆ. ಅದರಲ್ಲೂ ಗಣಿ ಮೋಟರ್ ಮಾತ್ರ. ಸಂಡೂರು, ಹೊಸಪೇಟೆ ಕಡೆಯ ಕ್ರಷರ್, ಕನ್ವೇಯರ್ ಮೋಟರ್‌ಗಳು ಬಳ್ಳಾರಿಯ ನನ್ನ ಅಂಗಡಿಗೆ ಬರುತ್ತಿದ್ದವು. ರೈತರು ಪಂಪ್‌ಸೆಟ್ ತಂದರೆ ‘ಟೈಮ್ ಇಲ್ಲ’ ಅಂತ ವಾಪಸ್ ಕಳಿಸುತ್ತಿದ್ದೆ. ಸೊಕ್ಕು, ಇನ್ನೇನು.

2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅದಿರು ಲಾರಿಗಳು ಮನೆ ಮುಂದೆ ನಿಂತವು. ನನ್ನಲ್ಲಿ ನಾಲ್ಕು ಮೋಟರ್ ರೆಡಿಯಾಗಿ ಕೂತಿದ್ದವು, ಒಯ್ಯುವವರೇ ಇಲ್ಲ. ತಾಮ್ರದ ತಂತಿ ಬೇರೆ ಸಾಲದಲ್ಲಿ ತಂದಿದ್ದೆ. ಅಪ್ಪನ ಮಾತೇನೂ ಸುಳ್ಳಲ್ಲ. ಒಂದೇ ಥರದ ಗಿರಾಕಿಯನ್ನು ನಾನು ಮುತ್ತು ಅಂದುಕೊಂಡಿದ್ದೆ, ಅಷ್ಟೆ.

ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಸುವ ಗೆಳೆಯನೊಬ್ಬ ಮಿಷಿನ್ ಮೋಟರ್ ನೋಡಲು ಕರೆದ. ಮೋಟರ್ ಚೆನ್ನಾಗೇ ಇತ್ತು, ಹೊಲಿಗೆ ಹಾರುತ್ತಿತ್ತು. ನನ್ನ ಕೆಲಸ ಅಲ್ಲ ಅನ್ನಬಹುದಿತ್ತು. ಕೈ ಖಾಲಿ ಇತ್ತಲ್ವಾ, ಕೂತು ನೋಡಿದೆ. ಜೀನ್ಸ್ ಕಾಲಿಗೆ ಡಬಲ್ ಹೊಲಿಗೆ ಹಾಕುವ ‘ಫೀಡ್ ಆಫ್ ದಿ ಆರ್ಮ್’ ಮಿಷಿನ್‌ನಲ್ಲಿ ಕೆಳಗೆ ಬಾಬಿನ್ ಇರುವುದಿಲ್ಲ, ಲೂಪರ್ ಅನ್ನುವ ಕೊಕ್ಕೆ ಇರುತ್ತದೆ. ಸೂಜಿ ಮೇಲೇಳುವಾಗ ದಾರ ಚೂರು ಉಬ್ಬಿ ಕುಣಿಕೆಯಾಗುತ್ತದೆ. ಸರಿಯಾಗಿ ಆ ಗಳಿಗೆಗೆ ಲೂಪರ್‌ನ ಮೂತಿ ಬಂದು ಕುಣಿಕೆ ಹಿಡಿಯಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಹೊಲಿಗೆ ಹಾರುತ್ತದೆ. ಅದನ್ನು ಹೊಂದಿಸಲು ಕಲಿಯೋದಕ್ಕೆ ಎಂಟು ತಿಂಗಳು ಹಿಡಿಯಿತು. ಒಬ್ಬ ಹಳೇ ಮೆಕ್ಯಾನಿಕ್ ಹಿಂದೆ ಸ್ಪ್ಯಾನರ್ ಹಿಡಿದು ಓಡಾಡಿದೆ, ನಾನು ದುಡ್ಡು ಕೇಳಲಿಲ್ಲ. ಆಗ ಮನೆ ನಡೆದದ್ದು ಹಿಂದೆ ವಾಪಸ್ ಕಳಿಸುತ್ತಿದ್ದ ಅದೇ ಪಂಪ್‌ಸೆಟ್‌ಗಳಿಂದ.

ಆಮೇಲೆ ಸರ್ವೋ ಮೋಟರ್ ಬಂತು. ಹಳೇ ಕ್ಲಚ್ ಮೋಟರ್ ಟೈಲರ್ ಕಾಲು ತೆಗೆದರೂ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ. ಸರ್ವೋ ತಿರುಗುವುದು ಪೆಡಲ್ ಒತ್ತಿದಾಗ ಮಾತ್ರ. ಬಿಲ್ ಯಾಕೆ ಇಳಿಯುತ್ತದೆ ಅಂತ ಓನರ್‌ಗಳಿಗೆ ಬಿಡಿಸಿ ಹೇಳಲು ಮೋಟರ್ ಗೊತ್ತಿದ್ದ ಮೆಕ್ಯಾನಿಕ್ಕೇ ಬೇಕಿತ್ತು. ಅಲ್ಲಿ ನನ್ನ ಬೆಲೆ ಏರಿತು.

ಪೇಟಿ, ಅಂದರೆ ಹಾರ್ಮೋನಿಯಂ, ಕೂಡ ಒಂದು ಕೆಲಸ ಆಗುತ್ತದೆ ಅಂದುಕೊಂಡಿರಲಿಲ್ಲ. ಸೋದರಮಾವ ಕಲಿಸಿದ್ದರು, ಸುಮ್ನೆ ಮನೆಯಲ್ಲಿ ಬಾರಿಸುತ್ತಿದ್ದೆ. ಸಿರುಗುಪ್ಪ ಕಡೆ ಒಂದೂರಿಗೆ ಮೋಟರ್ ಕೊಡಲು ಹೋದಾಗ ನಾಟಕದ ಹುಡುಗರು ಪೇಟಿ ಮಾಸ್ತರ್ ಕೈಕೊಟ್ಟರು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆ ರಾತ್ರಿ ಪೇಟಿ ಮುಂದೆ ಕೂತವನು ಈಗ ಪ್ರತಿವರ್ಷ ಯುಗಾದಿ, ಜಾತ್ರೆ ಕಾಲಕ್ಕೆ ಎರಡು ಊರಿನ ತಾಲೀಮು ಹಿಡಿಯುತ್ತೇನೆ. ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೋಟರ್ ಲೆಕ್ಕ ‘36 ಸ್ಲಾಟ್, 20 ಗೇಜ್, 42 ಸುತ್ತು’ ಅಂತಿದ್ದರೆ ಪಕ್ಕದ ಪುಟದಲ್ಲಿ ಯಾವ ಪಾತ್ರಕ್ಕೆ ಪೇಟಿಯ ಯಾವ ಮನೆಯ ಶ್ರುತಿ ಅನ್ನೋ ಲೆಕ್ಕ ‘ಭೀಮ ಕಪ್ಪು 1, ದ್ರೌಪದಿ ಕಪ್ಪು 4’ ಅಂತಿರುತ್ತದೆ.

ಜೀನ್ಸ್ ಕೆಲಸ ದಸರಾ, ದೀಪಾವಳಿಗೆ ಮೊದಲು ಜಾಸ್ತಿ. ಮೋಟರ್ ಸುಡುವುದೂ ನಾಟಕ ಆಡುವುದೂ ಬೇಸಿಗೆಯಲ್ಲೇ. ಅಲ್ಲೇ ಎಡವಿದೆ. ಒಂದು ಏಪ್ರಿಲ್‌ನಲ್ಲಿ ತಾಲೀಮಿಗೆ ಲೇಟಾಯಿತು ಅಂತ ಗಡಿಬಿಡಿಯಲ್ಲಿ ಒಂದು ಕಾಯಿಲ್ ಗುಂಪನ್ನು ಉಲ್ಟಾ ಜೋಡಿಸಿ, ಟೆಸ್ಟ್ ಮಾಡದೆ ಕೊಟ್ಟೆ. ಹೊಲದಲ್ಲಿ ಸ್ವಿಚ್ ಹಾಕಿದರೆ ತಿರುಗಲಿಲ್ಲ. ಗುಮ್ ಅಂತು, ಹೊಗೆ ಬಂತು. ನನ್ನ ತಾಮ್ರ ಹಾಕಿ ಪುಕ್ಕಟೆ ಕಟ್ಟಿಕೊಟ್ಟೆ. ಭತ್ತಕ್ಕೆ ನೀರು ತಪ್ಪಿದ್ದಕ್ಕೆ ಏನು ಕೊಡೋದು? ಈಗ ತಾಲೀಮು ಇದ್ದ ದಿನ ಸಂಜೆ ಸುಟ್ಟ ತಂತಿ ಬಿಚ್ಚುವುದು, ಕಾಯಿಲ್ ಸುತ್ತುವುದು ಅಷ್ಟೇ. ಕನೆಕ್ಷನ್ ಕೊಡುವುದು ಬೆಳಿಗ್ಗೆ ಮಾತ್ರ.

ದುಡ್ಡಿಗೆ ಮೂರು ಡಬ್ಬಿ ಇಟ್ಟಿದ್ದೇವೆ. ಲೆಕ್ಕ ಮನೆಯವಳದು. ಪೇಟಿಯ ರೀಡ್ ಕೆಟ್ಟರೆ ಪೇಟಿಯ ಡಬ್ಬಿಯಿಂದಲೇ ತೆಗೆಯಬೇಕು, ಮೋಟರ್ ಡಬ್ಬಿ ಮುಟ್ಟುವ ಹಾಗಿಲ್ಲ. ನಾಲ್ಕನೆಯದಾಗಿ ಯೂಟ್ಯೂಬ್ ಶುರು ಮಾಡು ಅಂತಾನೆ ಮಗ. ಬೇಡಪ್ಪ.

ಈ ಸಲದ ದುರ್ಯೋಧನ ಕಪ್ಪು 3 ಬೇಕು ಅಂತ ಹಠ ಹಿಡಿದಿದ್ದಾನೆ. ಅವನ ಗಂಟಲು ಅದಕ್ಕಿಂತ ಕೆಳಗಿನ ಶ್ರುತಿ ಬಿಳಿ 1ಕ್ಕೇ ಒಡೆಯುತ್ತದೆ. ಅವರಪ್ಪನ 5 ಎಚ್‌ಪಿ ಮೋಟರ್ ನನ್ನ ಅಂಗಡಿಯಲ್ಲೇ ಇದೆ, ಅದಕ್ಕೇ ಸದ್ಯ ಸುಮ್ನಿದ್ದೇನೆ.