ದೊಡ್ಡವರ ಸೈಕಲ್ ಆರಿಸುವ ಬಗೆ: ಮೊದಲು ದಾರಿ, ಆಮೇಲೆ ಅಳತೆ, ಬಿಡಿಭಾಗ ಕೊನೆಗೆ

ಅಂಗಡಿಗೆ ಹೊರಡುವ ಮೊದಲು ಒಂದು ಚೀಟಿಯಲ್ಲಿ ಐದು ಸಂಗತಿ ಬರೆದುಕೊಳ್ಳಿ: ವಾರದಲ್ಲಿ ಅತಿ ಹೆಚ್ಚು ಸಲ ಸೈಕಲ್ ಓಡುವ ದಾರಿ ಎಷ್ಟು ಉದ್ದ, ಅದರಲ್ಲಿ ಅತಿ ಕಡಿದಾದ ಏರು ಯಾವುದು, ರಸ್ತೆ ಅತಿ ಹೆಚ್ಚು ಕೆಟ್ಟಿರುವ ಕಡೆ ಹೇಗಿದೆ, ಎಷ್ಟು ಸಾಮಾನು ಹೊರಬೇಕು, ರಾತ್ರಿ ಸೈಕಲ್ ಎಲ್ಲಿ ನಿಲ್ಲುತ್ತದೆ. ಆಯ್ಕೆ ತಪ್ಪುವುದು ಬಹುಪಾಲು ಇಲ್ಲೇ. ವರ್ಷಕ್ಕೊಂದೆರಡು ಸಲ ಹೋಗಬಹುದಾದ ಗುಡ್ಡದ ದಾರಿ ನೆನೆದು ದಪ್ಪ ಟಯರಿನ, ಶಾಕ್ ಇರುವ ಸೈಕಲ್ ತಂದರೆ ಮಿಕ್ಕ ದಿನವೆಲ್ಲ ಆ ಹೆಚ್ಚುವರಿ ಭಾರವನ್ನು ನಿಮ್ಮ ಕಾಲುಗಳೇ ತಳ್ಳಬೇಕು. ಸೈಕಲ್ಲನ್ನು ಆರಿಸಬೇಕಾದದ್ದು ದಿನವೂ ತುಳಿಯುವ ದಾರಿಗೆ.

ಯಾವ ಬಗೆ

ಕೆಲಸಕ್ಕೆ ಹೋಗಿಬರಲು ಹೆಚ್ಚಿನವರಿಗೆ ಹೊಂದುವುದು ಹೈಬ್ರಿಡ್ ಅಥವಾ ಸಿಟಿ ಸೈಕಲ್: ನೇರ ಹ್ಯಾಂಡಲ್, ಶಾಕ್ ಇಲ್ಲದ ಗಟ್ಟಿ ಫೋರ್ಕು (ಮುಂಚಕ್ರ ಹಿಡಿದಿರುವ ಕವಲು), 700ಸಿ ಎಂಬ ಅಳತೆಯ ಚಕ್ರ, 35ರಿಂದ 42 ಮಿ.ಮೀ. ಟಯರು. ಕೊಳ್ಳುವಾಗ ಫ್ರೇಮಿನ ಹಿಂಭಾಗವನ್ನು ಬಗ್ಗಿ ನೋಡಿ. ಮಡ್‌ಗಾರ್ಡಿಗೂ ಕ್ಯಾರಿಯರಿಗೂ ಬೇರೆ ಬೇರೆ ಸ್ಕ್ರೂ ತೂತುಗಳು ಇರಬೇಕು. ಅವಿಲ್ಲದ ಫ್ರೇಮಿಗೆ ಆಮೇಲೆ ಕ್ಲ್ಯಾಂಪ್ ಹಾಕಿ ಕೂರಿಸಿದ ಕ್ಯಾರಿಯರ್ ಭಾರಕ್ಕೆ ಜಾರುತ್ತದೆ. ಪಕ್ಕದಲ್ಲಿ ಚೀಲ ತೂಗಹಾಕುವವರು ಪೆಡಲ್ ಹಿಂದಕ್ಕೆ ಬಂದಾಗ ಹಿಮ್ಮಡಿ ಚೀಲಕ್ಕೆ ತಾಗುವುದೇ ಎಂದೂ ನೋಡಬೇಕು. ಹಿಂಚಕ್ರ ತೀರ ಒಳಕ್ಕೆ ಕೂತಿರುವ ಫ್ರೇಮುಗಳಲ್ಲಿ ಈ ತೊಂದರೆ ಸಾಮಾನ್ಯ. ಬಸ್ಸು, ರೈಲಿನ ಜತೆ ಸೈಕಲ್ ಬಳಸುವವರಿಗೆ, ಮೆಟ್ಟಿಲು ಹತ್ತಿಸಿ ಒಳಗಿಡಬೇಕಾದವರಿಗೆ 20 ಇಂಚು ಚಕ್ರದ ಮಡಚುವ ಸೈಕಲ್ ಅನುಕೂಲ. ಆದರೆ ಸಣ್ಣ ಚಕ್ರಕ್ಕೆ ಪ್ರತಿ ಕುಳಿಯೂ ದೊಡ್ಡದೇ.

ವಿರಾಮದ ಸವಾರಿಗೆ, ಅಂದರೆ ಹತ್ತು ಹದಿನೈದು ಕಿಲೋಮೀಟರ್ ನಿಧಾನವಾಗಿ ಸುತ್ತಾಡಲು, ಬೆನ್ನು ನೆಟ್ಟಗಿರುವ ಕೂರುವಿಕೆ, ಅಗಲವಾದ ಸೀಟು, ಕಾಲು ಎತ್ತಿ ದಾಟಬೇಕಿಲ್ಲದ ತಗ್ಗು ಫ್ರೇಮು ಸಾಕು. ಆದರೆ ಸವಾರಿ ಮೂವತ್ತು ನಲವತ್ತು ಕಿಲೋಮೀಟರ್‌ಗೆ ಬೆಳೆಯುವ ಆಸೆಯಿದ್ದರೆ ಅದೇ ನೆಟ್ಟಗಿನ ಕೂರುವಿಕೆ ಕೈಕೊಡುತ್ತದೆ. ಮೈಭಾರವೆಲ್ಲ ಸೀಟಿನ ಮೇಲೇ ಬೀಳುತ್ತದೆ, ಎದುರುಗಾಳಿಗೆ ಇಡೀ ಎದೆ ಒಡ್ಡಿಕೊಂಡಿರುತ್ತದೆ. ಅಂಥವರು ಸ್ವಲ್ಪ ಮುಂದಕ್ಕೆ ಬಾಗಿಸುವ ಹೈಬ್ರಿಡ್ ನೋಡುವುದು ಒಳ್ಳೆಯದು. ಡಾಂಬರು ರಸ್ತೆ, ಮಣ್ಣುರಸ್ತೆ ಎರಡರಲ್ಲೂ ದೂರ ಹೋಗುವವರಿಗೆ ಬಾಗಿದ ಹ್ಯಾಂಡಲಿನ, 40 ಮಿ.ಮೀ. ಟಯರು ಹಿಡಿಸುವ ಗ್ರಾವೆಲ್ ಸೈಕಲ್ ಇದೆ.

ಬೇರು, ಕಲ್ಲು, ಇಳಿಜಾರಿನ ಕಾಡುದಾರಿಗೆ ನಿಜವಾದ ಮೌಂಟನ್ ಸೈಕಲ್ಲೇ ಬೇಕು. ಮೊದಲ ಸಲ ಕೊಳ್ಳುವವರಿಗೆ ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಸರಿ. ಫೋರ್ಕು ಕುಗ್ಗಿ ಚಲಿಸುವ ದೂರ 100ರಿಂದ 130 ಮಿ.ಮೀ., ಟಯರು 2.2ರಿಂದ 2.4 ಇಂಚು, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಹಿಂದೆಯೂ ಶಾಕ್ ಇರುವ ಸೈಕಲ್ ಒಳ್ಳೆಯದೇ, ಆದರೆ ಅದರ ಬೇರಿಂಗು, ಶಾಕ್ ಎರಡನ್ನೂ ಆಗಾಗ ಬಿಚ್ಚಿ ಸರಿಮಾಡಿಸಬೇಕು. ಕಡಿಮೆ ಬೆಲೆಗೆ ಎರಡೂ ಕಡೆ ಶಾಕ್ ಕೊಡುವ ಸೈಕಲ್ಲನ್ನು ದಯವಿಟ್ಟು ಮುಟ್ಟಬೇಡಿ. ಅದು ಭಾರ, ತುಳಿದ ಶಕ್ತಿಯ ಒಂದಿಷ್ಟು ಪಾಲು ಹಿಂದಿನ ಸ್ಪ್ರಿಂಗು ಕುಗ್ಗುವುದರಲ್ಲೇ ಹೋಗುತ್ತದೆ, ಕೀಲುಗಳು ಬೇಗ ಸಡಿಲವಾಗುತ್ತವೆ. ಕಾಡುದಾರಿಗೆ ಹೇಳಿಮಾಡಿಸಿದಂತೆ ಕಾಣುವ ಕೆಲವು ಅಗ್ಗದ ಸೈಕಲ್ಲುಗಳ ಫ್ರೇಮಿನ ಮೇಲೆ ‘ರಸ್ತೆಯಲ್ಲಿ ಮಾತ್ರ ಬಳಸಿ’ ಎಂಬ ಎಚ್ಚರಿಕೆ ಚೀಟಿಯೇ ಇರುತ್ತದೆ. ಅದನ್ನು ಹುಡುಕಿ ಓದಿ.

ರಸ್ತೆಯ ಸೈಕಲ್ಲಿಗೂ ಶಾಕ್ ಬೇಕೆನ್ನಿಸುವುದು ಸಹಜ. ಆದರೆ ಅಗ್ಗದ ಸ್ಪ್ರಿಂಗ್ ಫೋರ್ಕು ಎರಡರಿಂದ ಮೂರು ಕೆ.ಜಿ. ತೂಗುತ್ತದೆ. ಅದರೊಳಗೆ ಸ್ಪ್ರಿಂಗಿನ ಎಗರುವಿಕೆಯನ್ನು ತಡೆಯುವ ಎಣ್ಣೆಯ ಡ್ಯಾಂಪರ್ ಇರುವುದಿಲ್ಲವಾದ್ದರಿಂದ ಕುಳಿ ದಾಟಿದ ಮೇಲೂ ಚಕ್ರ ಕುಪ್ಪಳಿಸುತ್ತಿರುತ್ತದೆ. ಅದೇ ದುಡ್ಡಿಗೆ ಗಟ್ಟಿ ಫೋರ್ಕು, ಇನ್ನೂ ಒಳ್ಳೆಯ ಚಕ್ರ, ಐದು ಮಿ.ಮೀ. ಹೆಚ್ಚು ಅಗಲದ ಟಯರು ಸಿಗುತ್ತದೆ. ಮೈಗೆ ಹಿತ ಕೊಡುವುದೂ ಅದೇ.

ಅಳತೆ

ಸರಿಯಾದ ಬಗೆಯ ಸೈಕಲ್ ತಪ್ಪು ಅಳತೆಯಲ್ಲಿ ಬಂದರೆ ಮೂಲೆ ಸೇರುತ್ತದೆ. ಮೊದಲು ಕಾಲಿನ ಒಳ ಅಳತೆ ತೆಗೆದುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ 15 ಸೆಂ.ಮೀ. ಬಿಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಬೆನ್ನು ಮೇಲಾಗಿ ತೊಡೆಗಳ ನಡುವೆ ಇಡಿ. ಸೀಟಿನ ಮೇಲೆ ಕೂತಾಗಿನಷ್ಟೇ ಒತ್ತುವಂತೆ ಮೇಲಕ್ಕೆ ಎಳೆದು, ಅದರ ಮೇಲಂಚನ್ನು ಗೋಡೆಯ ಮೇಲೆ ಗುರುತು ಮಾಡಿಸಿ. ನೆಲದಿಂದ ಆ ಗುರುತಿಗೆ ಇರುವ ಎತ್ತರವೇ ನಿಮ್ಮ ಅಳತೆ. ಮೂರು ಸಲ ತೆಗೆದು ಸರಾಸರಿ ಹಿಡಿಯಿರಿ.

ಇದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕು, ಅಂದರೆ ಪೆಡಲಿನ ತೋಳು, ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ಎತ್ತರ ಸುಮಾರಾಗಿ ಸಿಗುತ್ತದೆ. ಒಳ ಅಳತೆ 80 ಸೆಂ.ಮೀ. ಇದ್ದರೆ 70.6 ಸೆಂ.ಮೀ. ಇದು ಶುರುಮಾಡಲು ಒಂದು ಅಂಕಿ, ಅಷ್ಟೇ. ಒರೆಹಚ್ಚುವುದು ಹೀಗೆ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ತೀರ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಸೊಂಟ ವಾಲದೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ 25ರಿಂದ 30 ಡಿಗ್ರಿ ಬಾಗಿರುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರಬಹುದು, ಹಿಂಭಾಗ ಎಳೆಯುತ್ತಿದ್ದರೆ ಎತ್ತರವಾಗಿರಬಹುದು. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕೆಂದು ಸೀಟು ಇಳಿಸುವವರು ಬಹಳ. ಮಂಡಿನೋವಿನ ದೂರುಗಳಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿಯುವುದನ್ನು ರೂಢಿಮಾಡಿಕೊಂಡರೆ ಈ ಸಮಸ್ಯೆಯೇ ಇಲ್ಲ.

ಹಾಗೆ ಇಳಿದು ನಿಂತಾಗ ಮೇಲಿನ ಅಡ್ಡಕೊಳವೆಗೂ ತೊಡೆಸಂದಿಗೂ ನಡುವೆ ರಸ್ತೆ ಸೈಕಲ್ಲಿಗೆ ಎರಡು ಮೂರು ಸೆಂ.ಮೀ., ಕಾಡುದಾರಿಯದಕ್ಕೆ ಕನಿಷ್ಠ ಐದು ಸೆಂ.ಮೀ. ಜಾಗ ಉಳಿಯಬೇಕು. ಆದರೆ ಫ್ರೇಮು ಹೊಂದುತ್ತದೋ ಇಲ್ಲವೋ ಎಂಬುದನ್ನು ನಿಜಕ್ಕೂ ತೀರ್ಮಾನಿಸುವುದು ಎತ್ತರವಲ್ಲ, ಉದ್ದ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರಬಹುದು. ಆದ್ದರಿಂದ ಅಕ್ಷರ ಬಿಟ್ಟು ಅಳತೆಪಟ್ಟಿಯಲ್ಲಿ ರೀಚ್, ಸ್ಟ್ಯಾಕ್ ಎಂಬ ಎರಡು ಅಂಕಿ ನೋಡಿ. ಕ್ರ್ಯಾಂಕಿನ ನಡುಬಿಂದುವಿನಿಂದ ಹ್ಯಾಂಡಲ್ ಕೊಳವೆಯ (ಫ್ರೇಮಿನ ಮುಂತುದಿಯಲ್ಲಿ ಫೋರ್ಕು ಹಾಯುವ ಕೊಳವೆ) ಮೇಲ್ತುದಿಗೆ ಅಡ್ಡಲಾಗಿ ಇರುವ ದೂರ ರೀಚ್, ನೇರ ಮೇಲಕ್ಕಿರುವ ಎತ್ತರ ಸ್ಟ್ಯಾಕ್. ಹಿತವಾಗಿರುವ ಸೈಕಲ್ಲೊಂದರ ಈ ಎರಡು ಅಂಕಿ ಗೊತ್ತಿದ್ದರೆ ಬೇರೆ ಯಾವುದನ್ನಾದರೂ ಅದರೊಂದಿಗೆ ಹೋಲಿಸಬಹುದು.

ಹ್ಯಾಂಡಲ್ ಹಿಡಿದಾಗ ಮೊಣಕೈ ತುಸು ಬಾಗಿರಬೇಕು, ಭುಜ ಕಿವಿಯತ್ತ ಏರಿರಬಾರದು. ಅರ್ಧ ಗಂಟೆಯೊಳಗೆ ಅಂಗೈ ಜೋಮು ಹಿಡಿದರೆ ಹ್ಯಾಂಡಲ್ ದೂರ ಅಥವಾ ತಗ್ಗಾಗಿದೆ, ಇಲ್ಲವೇ ಸೀಟಿನ ಮೂತಿ ಕೆಳಗೆ ವಾಲಿ ನಿಮ್ಮನ್ನು ಮುಂದಕ್ಕೆ ಜಾರಿಸುತ್ತಿದೆ. ಹ್ಯಾಂಡಲ್ ಹಿಡಿದಿಡುವ ಸ್ಟೆಮ್ಮನ್ನು 10ರಿಂದ 20 ಮಿ.ಮೀ. ಗಿಡ್ಡದ್ದಕ್ಕೋ ಉದ್ದದ್ದಕ್ಕೋ ಬದಲಿಸಬಹುದು. ಅದಕ್ಕಿಂತ ಹೆಚ್ಚು ಬದಲಿಸಬೇಕಾಗಿ ಬಂದರೆ ಫ್ರೇಮಿನ ಅಳತೆಯೇ ತಪ್ಪಿದೆ ಎಂದರ್ಥ. ಸಣ್ಣ ಫ್ರೇಮಿನ 700ಸಿ ಸೈಕಲ್ಲಿನಲ್ಲಿ ಇನ್ನೊಂದು ಪರೀಕ್ಷೆ ಇದೆ: ಪೆಡಲ್ ಮುಂದಿರುವಾಗ ಹ್ಯಾಂಡಲ್ ತಿರುಗಿಸಿ, ಕಾಲ್ಬೆರಳು ಮುಂಚಕ್ರಕ್ಕೆ ತಾಗುತ್ತದೆಯೇ ನೋಡಿ. ಬಿಗಿ ತಿರುವು ಹೆಚ್ಚಿರುವ ದಾರಿಯವರು ತಾಗುವ ಸೈಕಲ್ಲನ್ನು ಬಿಟ್ಟುಬಿಡಲಿ.

ಸೀಟು ಮೆತ್ತಗಿದ್ದಷ್ಟೂ ಹಿತ ಎಂಬ ನಂಬಿಕೆ ದೂರದ ಸವಾರಿಯಲ್ಲಿ ಸುಳ್ಳಾಗುತ್ತದೆ. ಭಾರ ಹೊರಬೇಕಾದದ್ದು ಕೂರುವಾಗ ಊರುವ ಎರಡು ಮೂಳೆಗಳು. ಸುಕ್ಕುಪದರದ ರಟ್ಟಿನ ಮೇಲೆ ಒತ್ತಿ ಕೂತು ಎದ್ದರೆ ಅವುಗಳ ಎರಡು ಗುಳಿ ಕಾಣುತ್ತವೆ. ಗುಳಿಗಳ ನಡುವಿನ ದೂರಕ್ಕೆ ಎರಡು ಸೆಂ.ಮೀ.ನಷ್ಟು ಸೇರಿಸಿದ ಅಗಲದ ಸೀಟಿನಿಂದ ಶುರುಮಾಡಿ.

ಟಯರು

ಟಯರಿನ ಪಕ್ಕದಲ್ಲಿ 37-622 ಎಂಬಂಥ ಗುರುತು ಇರುತ್ತದೆ. ಮೊದಲ ಅಂಕಿ ಅಗಲ, ಎರಡನೆಯದು ಟಯರು ಕೂರುವ ಕಡೆ ರಿಮ್ಮಿನ ವ್ಯಾಸ, ಎರಡೂ ಮಿ.ಮೀ.ನಲ್ಲಿ. ನಂಬಬೇಕಾದದ್ದು ಇದನ್ನೇ. 700ಸಿ ಮತ್ತು 29 ಇಂಚು ಎರಡೂ 622. 27.5 ಇಂಚು ಎಂದರೆ 584. ಆದರೆ 26 ಇಂಚು ಎಂದು ಕರೆಸಿಕೊಳ್ಳುವುದರಲ್ಲೇ ಮೌಂಟನ್ ಸೈಕಲ್ಲಿನದು 559, ಹಳೆಯ ರಸ್ತೆ ಸೈಕಲ್ಲಿನದು 590. ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ.

ಫ್ರೇಮು, ಫೋರ್ಕು ಎಷ್ಟು ಅಗಲದ ಟಯರು ಹಿಡಿಸುತ್ತವೆ ಎಂದು ಕೇಳಲೇಬೇಕು. ಗೇರು, ಬ್ರೇಕು, ಸೀಟು ಆಮೇಲೆ ಬದಲಾಯಿಸಬಹುದು, ಈ ಸಂದನ್ನು ಹಿಗ್ಗಿಸಲಾಗದು. ಟಯರಿನ ಎರಡೂ ಬದಿ ಐದಾರು ಮಿ.ಮೀ. ಖಾಲಿ ಇರಲಿ. ಮಡ್‌ಗಾರ್ಡ್ ಹಾಕುವುದಾದರೆ ಇನ್ನೂ ಹೆಚ್ಚು ಬೇಕು, ಇಲ್ಲದಿದ್ದರೆ ಕೆಸರು ಸಿಕ್ಕಿ ಚಕ್ರ ಕಚ್ಚುತ್ತದೆ. ಟಯರಿನ ಮೇಲೆ ಬರೆದಿರುವ ಗರಿಷ್ಠ ಗಾಳಿ ಮಿತಿಯೇ ಹೊರತು ಗುರಿಯಲ್ಲ. 70 ಕೆ.ಜಿ. ಆಸುಪಾಸಿನ ಸವಾರರಿಗೆ 40 ಮಿ.ಮೀ. ಟಯರಿನಲ್ಲಿ 45ರಿಂದ 55 ಪಿಎಸ್ಐ (ಗಾಳಿಯ ಒತ್ತಡದ ಅಳತೆ), ಟ್ಯೂಬಿಲ್ಲದ 2.3 ಇಂಚಿನ ಕಾಡುದಾರಿ ಟಯರಿನಲ್ಲಿ 20ರಿಂದ 25 ಪಿಎಸ್ಐ ಇಟ್ಟು ಶುರುಮಾಡಬಹುದು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬಿದ್ದರೆ ಮುಳ್ಳನ್ನು ಹುಡುಕಬೇಡಿ. ಗಾಳಿ ಕಡಿಮೆಯಾಗಿ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಜಜ್ಜಿದೆ.

ಗೇರು, ಬ್ರೇಕು

ಎಷ್ಟು ಗೇರು ಎಂಬ ಲೆಕ್ಕಕ್ಕೆ ಅಷ್ಟು ಬೆಲೆಯಿಲ್ಲ. ಮೂರು ಗುಣಿಸು ಏಳು, 21 ಗೇರು ಎಂದು ಹೇಳಿದರೂ ಅದರಲ್ಲಿ ಹಲವು ಒಂದನ್ನೊಂದು ಹೋಲುತ್ತವೆ, ಚೈನು ಓರೆಯಾಗಿ ಸವೆಯುವುದರಿಂದ ಬಳಸಬಾರದಂಥವೂ ಕೆಲವಿವೆ. ಕೇಳಬೇಕಾದದ್ದು ಅತಿ ಹಗುರದ ಗೇರು ಎಷ್ಟು ಹಗುರ ಎಂದು. ಮುಂದಿನ ಅತಿ ಸಣ್ಣ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. ಮುಂದೆ 38, ಹಿಂದೆ 34 ಇದ್ದರೆ 1.12. ಸಾಧಾರಣ ಏರಿಗೆ ಇದು ಸಾಕು. ಸಾಮಾನು ಹೊತ್ತು ಕಡಿದಾದ ಏರು ಹತ್ತುವವರಿಗೆ 1 ಅಥವಾ ಅದಕ್ಕಿಂತ ಕಡಿಮೆ ಬೇಕು. ಕಾಡುದಾರಿಯ 32 ಮತ್ತು 50 ಹಲ್ಲಿನ ಜೋಡಿ 0.64 ಕೊಡುತ್ತದೆ. ವೇಗದ ತುದಿಯ ಬಗ್ಗೆ ಚಿಂತೆ ಬೇಡ: ಅದೇ 38 ಹಲ್ಲಿಗೆ ಹಿಂದೆ 11 ಇದ್ದರೆ, ನಿಮಿಷಕ್ಕೆ 80 ಸುತ್ತು ತುಳಿದಾಗ ಗಂಟೆಗೆ ಸುಮಾರು 36 ಕಿ.ಮೀ. ಆಗುತ್ತದೆ.

ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಹಿಂದಿನ ಹಲ್ಲುಚಕ್ರ ಫ್ರೀವೀಲೋ (ಚಕ್ರದ ನಡುವಿನ ಹಬ್ಬಿಗೆ ತಿರುಪಿ ಕೂರಿಸಿದ್ದು) ಕ್ಯಾಸೆಟ್ಟೋ (ಹಬ್ಬಿನ ಮೇಲೆ ಜಾರಿಸಿ ಕೂರಿಸಿದ್ದು) ಎಂದು ವಿಚಾರಿಸಿ. ಏಳು ಗೇರಿನ ಫ್ರೀವೀಲಿನಲ್ಲಿ ಬಲಗಡೆಯ ಬೇರಿಂಗು ಒಳಗೆ ಕೂತು, ಆಕ್ಸಲಿನ (ಚಕ್ರದ ಅಚ್ಚಿನ) ಉದ್ದನೆಯ ತುದಿಗೆ ಆಸರೆಯಿರುವುದಿಲ್ಲ. ಭಾರದ ಸವಾರಿ, ಕುಳಿರಸ್ತೆ ಸೇರಿದರೆ ಆಕ್ಸಲ್ ಬಾಗುತ್ತದೆ ಅಥವಾ ಮುರಿಯುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗು ಹೊರತುದಿಗೆ ಹತ್ತಿರ ಇರುತ್ತದೆ. ಮಳೆಯಲ್ಲೂ ದಿನನಿತ್ಯ ಓಡಿಸುವವರಿಗೆ ಹಬ್ಬಿನೊಳಗೇ ಗೇರು ಇರುವ ಸೈಕಲ್ ಚೆನ್ನ. ಕೆಸರು ತಾಗುವುದಿಲ್ಲ, ನಿಂತಲ್ಲೇ ಗೇರು ಬದಲಿಸಬಹುದು. ಹಿಂಚಕ್ರ ಬಿಚ್ಚುವುದು ಮಾತ್ರ ತುಸು ರಗಳೆ.

ಬ್ರೇಕಿನಲ್ಲಿ ರಿಮ್ ಹಿಡಿಯುವ ವಿ-ಬ್ರೇಕು ಸಮತಟ್ಟಿನ ಒಣ ದಾರಿಗೆ ಸಾಲುತ್ತದೆ, ಸರಿಪಡಿಸುವುದೂ ಸುಲಭ. ಮಳೆ, ಕೆಸರು ಇದ್ದರೆ ರಿಮ್ಮೇ ಸವೆಯುತ್ತದೆ. ಕೇಬಲ್ ಡಿಸ್ಕು ನಡುವಿನದು. ಹೈಡ್ರಾಲಿಕ್ ಡಿಸ್ಕಿನಲ್ಲಿ ಎರಡು ಬೆರಳು ಸಾಕು, ಪ್ಯಾಡು ಸವೆದಂತೆ ಅದೇ ಹೊಂದಿಕೊಳ್ಳುತ್ತದೆ. ಅದರ ಎಣ್ಣೆ ಮಿನರಲ್ಲೋ ಡಾಟ್ ದ್ರವವೋ ಎಂದು ತಿಳಿದಿಟ್ಟುಕೊಳ್ಳಿ. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲು ಹಾಳಾಗುತ್ತದೆ.

ಓಡಿಸಿ ನೋಡುವಾಗ

ಹದಿನೈದು ನಿಮಿಷಕ್ಕಿಂತ ಕಡಿಮೆ ಓಡಿಸಿ ತೀರ್ಮಾನಿಸಬೇಡಿ. ಅದರಲ್ಲಿ ಒಂದು ಏರು ಇರಲೇಬೇಕು, ತುಳಿತದ ಭಾರವಿದ್ದಾಗಲೂ ಗೇರು ಸರಿಯಾಗಿ ಬೀಳಬೇಕು. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ, ಹ್ಯಾಂಡಲ್ ಬುಡದಲ್ಲಿ ಟಕ್ ಎಂದರೆ ಅಲ್ಲಿನ ಬೇರಿಂಗು ಜೋಡಣೆ, ಅಂದರೆ ಹೆಡ್‌ಸೆಟ್ ಸಡಿಲ. ಕ್ರ್ಯಾಂಕನ್ನು ಅಡ್ಡಕ್ಕೆ ಎಳೆದಾಗ ಆಡಬಾರದು.

ಬಳಸಿದ ಸೈಕಲ್ಲಾದರೆ ಹ್ಯಾಂಡಲ್ ಕೊಳವೆಯ ಹಿಂಬದಿ, ಕ್ರ್ಯಾಂಕಿನ ಸುತ್ತಲ ಬೆಸುಗೆಗಳನ್ನು ಒರೆಸಿ ಬೆಳಕಿನಲ್ಲಿ ನೋಡಿ. ಬಣ್ಣ ಸುಕ್ಕುಗಟ್ಟಿದ್ದರೆ, ಕೂದಲೆಳೆಯ ಬಿರುಕು ಕಂಡರೆ ಮಾತು ಅಲ್ಲಿಗೇ ಮುಗಿಸಿ. ಸೀಟಿನ ಕಂಬವನ್ನು ಕಣ್ಣೆದುರೇ ಎತ್ತಿ ಇಳಿಸಿ ತೋರಿಸಲಿ, ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡರೆ ಅದನ್ನು ಬಿಡಿಸುವುದು ದೊಡ್ಡ ಕೆಲಸ. ಚೈನಿನ ಒಂದು ಪಿನ್ನಿನ ನಡುವಿನಿಂದ ಅದರ ಮುಂದಿನ 24ನೇ ಪಿನ್ನಿನ ನಡುವಿಗೆ ಇರುವ ಉದ್ದ ಹೊಸದರಲ್ಲಿ 304.8 ಮಿ.ಮೀ. ಅದು 307 ದಾಟಿದ್ದರೆ ಚೈನಿನ ಜತೆ ಹಿಂದಿನ ಹಲ್ಲುಚಕ್ರವೂ ಸವೆದಿರುವ ಸಂಭವ ಹೆಚ್ಚು, ಬೆಲೆಯಲ್ಲಿ ಎರಡನ್ನೂ ಕಳೆಯಿರಿ. ಸಾಮಾನ್ಯವಾಗಿ ಕ್ರ್ಯಾಂಕಿನ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರು ರಸೀದಿಯಲ್ಲಿರುವುದಕ್ಕೆ ತಾಳೆಯಾಗಲಿ.

ಪೆಟ್ಟಿಗೆಯಲ್ಲಿ ಬಂದ ಸೈಕಲ್ ಜೋಡಿಸುವವರು ಎರಡು ಕಡೆ ಎಡವುತ್ತಾರೆ. ಎಡ ಪೆಡಲಿನ ಮರೆ (ತಿರುಪಿನ ಸುರುಳಿ) ಉಲ್ಟಾ, ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನ ಮರೆ ಕಿತ್ತುಹೋಗುತ್ತದೆ. ಫೋರ್ಕನ್ನು ಹಿಂದುಮುಂದಾಗಿ ಕೂರಿಸುವುದು ಇನ್ನೂ ಅಪಾಯಕಾರಿ. ಅದರ ಬಾಗು ಯಾವಾಗಲೂ ಮುಂದಕ್ಕೇ ಇರಬೇಕು. ಮೊದಲ 150 ಕಿಲೋಮೀಟರ್ ಆಸುಪಾಸಿನಲ್ಲಿ ಕಡ್ಡಿಗಳ ಬಿಗಿ ಇಳಿದು, ಕೇಬಲ್‌ಗಳು ಹೊಂದಿಕೊಂಡು, ಗೇರು ತಪ್ಪತೊಡಗುತ್ತದೆ. ಆಗ ಒಮ್ಮೆ ಚಕ್ರದ ಬೆಂಡು ತೆಗೆಸಿ, ಕೇಬಲ್ ಬಿಗಿಮಾಡಿಸಿ, ಕ್ರ್ಯಾಂಕು ಮತ್ತು ಸ್ಟೆಮ್ಮಿನ ಬೋಲ್ಟುಗಳನ್ನು ಅವುಗಳ ಮೇಲೆ ಬರೆದಿರುವ ಟಾರ್ಕಿಗೆ (ಬಿಗಿತದ ಮಟ್ಟಕ್ಕೆ) ಮತ್ತೆ ಬಿಗಿಸಿಕೊಳ್ಳಿ.