ಕಾಲುಬಾಯಿ ಬೇನೆ ವೈರಸ್ಸಿನ ವಂಶವೃಕ್ಷ ಬರೆಯುವುದು ಹೇಗೆ?

ಬೀದರ್ ಸೀಮೆಯ ದೇವಣಿ ದನಕ್ಕೆ ತಗುಲಿದ ವೈರಸ್ ಯಾವ ಕವಲಿನದು ಎಂದು ತಿಳಿಯಲು ಅದರ 8,300ರಷ್ಟು ಅಕ್ಷರಗಳ ಆರ್‌ಎನ್‌ಎಯನ್ನು ಪೂರ್ತಿ ಓದಬೇಕಿಲ್ಲ. ವೈರಸ್ಸಿನ ಹೊರಕವಚದ ಒಂದು ಪ್ರೋಟೀನಿಗೆ ಸಂಕೇತವಾದ ವಿಪಿ1 ಭಾಗ ಸಾಕು. ಅದು ಸುಮಾರು 630–640 ಅಕ್ಷರ.

ನಾಲಿಗೆ ಮೇಲೆ ಆಗಷ್ಟೇ ಒಡೆದ ಗುಳ್ಳೆಯ ಪೊರೆ ಒಂದು ಗ್ರಾಂ ಬೇಕು. ಗ್ಲಿಸರಾಲ್ ಮತ್ತು ಫಾಸ್ಫೇಟ್ ಬಫರ್ ಸಮಸಮ ಬೆರೆಸಿ, ಪಿಎಚ್ 7.2–7.6 ಇರಿಸಿ, ಐಸಿನಲ್ಲಿ ಕಳಿಸಿ. ಪಿಎಚ್ 6ಕ್ಕಿಂತ ಇಳಿದರೆ ವೈರಸ್ ಒಡೆಯುತ್ತದೆ. ಆರ್‌ಟಿ-ಪಿಸಿಆರ್ (ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ ಹೆಚ್ಚಿಸುವುದು), ಸೀಕ್ವೆನ್ಸಿಂಗ್ (ಅಕ್ಷರ ಓದುವುದು) ಪ್ರಯೋಗಾಲಯದ ಕೆಲಸ. ಎರಡೂ ದಿಕ್ಕಿನಿಂದ ಓದಿಸಿ.

ಕೆಲಸ ಕೆಡುವುದು ಅಕ್ಷರಗಳ ಜೋಡಣೆಯಲ್ಲಿ. ಮೊದಲು ಕ್ರೊಮ್ಯಾಟೊಗ್ರಾಮ್, ಅಂದರೆ ಪ್ರತಿ ಅಕ್ಷರಕ್ಕೊಂದು ಶಿಖರವಿರುವ ಓದಿನ ನಕ್ಷೆ, ತೆರೆದು ಶಿಖರಗಳನ್ನು ಕಣ್ಣಾರೆ ನೋಡಿ. ಓದಿನ ಆರಂಭದ 30–50 ಅಕ್ಷರ ಸಾಮಾನ್ಯವಾಗಿ ಕಲಸಿಹೋಗಿರುತ್ತವೆ, ಅವನ್ನು ಎದುರು ದಿಕ್ಕಿನ ಓದಿನಿಂದ ತುಂಬಿಸಿ. ಒಂದೇ ಜಾಗದಲ್ಲಿ ಎ, ಜಿ ಎರಡೂ ಎದ್ದಿದ್ದರೆ ಊಹಿಸಬೇಡಿ, ‘ಆರ್’ (ಎ ಅಥವಾ ಜಿ ಎಂಬ ಸಂಕೇತ) ಎಂದು ಬರೆಯಿರಿ. ಪ್ರೈಮರ್ (ಪಿಸಿಆರ್ ಶುರುಮಾಡಲು ಹಾಕುವ ಚಿಕ್ಕ ಡಿಎನ್‌ಎ ತುಂಡು) ಅಕ್ಷರಗಳನ್ನು ಕಡ್ಡಾಯವಾಗಿ ಕತ್ತರಿಸಿ. ಅವು ನೀವು ತರಿಸಿಕೊಂಡವು, ವೈರಸ್ಸಿನವಲ್ಲ. ವಿಪಿ1ರ ಮೊದಲಲ್ಲಿ ಎಟಿಜಿ (ಪ್ರೋಟೀನಿನ ಆರಂಭ ಸಂಕೇತ) ಹುಡುಕಿ ಅಲ್ಲಿಂದ ಕತ್ತರಿಸಬೇಡಿ. ವಿಪಿ1 ಉದ್ದನೆಯ ಒಂದೇ ಪ್ರೋಟೀನಿನಿಂದ ತುಂಡಾಗುವ ಭಾಗ. ಅದಕ್ಕೆ ತನ್ನದೇ ಆರಂಭ ಸಂಕೇತವೂ ಇಲ್ಲ, ಅಂತ್ಯ ಸಂಕೇತವೂ ಇಲ್ಲ. ಅಂಚು ಗೊತ್ತಿರುವ ಸರಣಿಯ ಪಕ್ಕ ಇಟ್ಟೇ ಅಂಚು ಗುರುತಿಸಬೇಕು. ಆಮೇಲೆ ಅಮೈನೊ ಆಮ್ಲಗಳಿಗೆ ಅನುವಾದಿಸಿ. ನಡುವೆ ಸ್ಟಾಪ್ (ಅಂತ್ಯ ಸಂಕೇತ) ಬಂದರೆ ಎಲ್ಲೋ ಒಂದಕ್ಷರ ಬಿಟ್ಟಿದೆ ಅಥವಾ ಹೆಚ್ಚಾಗಿದೆ, ಮತ್ತೆ ಶಿಖರ ನೋಡಿ. ವೈರಸ್ಸಿನ ‘ಓ’ ವಿಧದಲ್ಲಿ (ಸೀರೋಟೈಪ್) 145ನೇ ಅಮೈನೊ ಆಮ್ಲದ ಆಸುಪಾಸಿಗೆ ಆರ್-ಜಿ-ಡಿ (ಜೀವಕೋಶಕ್ಕೆ ಅಂಟಲು ಬೇಕಾದ ಮೂರು ಅಮೈನೊ ಆಮ್ಲ) ಸಿಗಬೇಕು. ಸರಣಿಗಳನ್ನು ಒಂದರ ಕೆಳಗೊಂದು ಜೋಡಿಸುವಾಗ ಖಾಲಿ ಜಾಗ ಬಂದರೆ ಮೂರರ ಲೆಕ್ಕದಲ್ಲೇ ಬರಬೇಕು.

ಹೋಲಿಕೆಗೆ ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಸರಣಿ ಭಂಡಾರದಿಂದ ಅದೇ ವಿಧದ ಸರಣಿಗಳನ್ನೇ ತೆಗೆದುಕೊಳ್ಳಿ. ಓ, ಎ, ಏಷ್ಯಾ-1 ಕಲಸಬೇಡಿ. ಕರ್ನಾಟಕದವಷ್ಟೇ ಸಾಲವು. ಉದಗೀರ, ಜಹೀರಾಬಾದ್ ಕಡೆ ದನ ಹೋಗಿಬರುವ ಗಡಿಯಿದು, ಮಹಾರಾಷ್ಟ್ರ, ತೆಲಂಗಾಣದವೂ ಬೇಕು. ನಿಮ್ಮದು ‘ಓ’ ವಿಧವಾದರೆ ಅದರ ಲಸಿಕೆಯ ತಳಿ ಇಂಡ್ ಆರ್2/1975 ಸೇರಿಸಿ. ಸಂಗ್ರಹದ ವರ್ಷವಿಲ್ಲದ ಸರಣಿ ಬಿಟ್ಟುಬಿಡಿ.

ವೃಕ್ಷಕ್ಕೆ ಉಚಿತ ತಂತ್ರಾಂಶ ಐಕ್ಯೂ-ಟ್ರೀ ಸಾಕು. ಯುಪಿಜಿಎಂಎ ಎಂಬ ವೃಕ್ಷ ಕಟ್ಟುವ ವಿಧಾನ ಮುಟ್ಟಬೇಡಿ, ಎಲ್ಲ ಕವಲೂ ಒಂದೇ ವೇಗದಲ್ಲಿ ಬದಲಾಗುತ್ತವೆ ಎಂದು ಅದು ನಂಬಿಕೊಂಡಿರುತ್ತದೆ. ಒಂದೇ ಕ್ಲಿಕ್ಕಿಗೆ ಬಣ್ಣದ ವೃಕ್ಷ ಕೊಡುವ ಜಾಲತಾಣಗಳು ಯಾವ ವಿಧಾನ ಬಳಸಿದವೆಂದೂ ಹಲವು ಸಲ ಹೇಳುವುದಿಲ್ಲ. ಕವಲು ಎಷ್ಟು ಗಟ್ಟಿ ಎಂದು ಅಳೆಯುವ ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ 1,000 ಸಲ ಓಡಿಸಿ, 95ಕ್ಕಿಂತ ಕಡಿಮೆ ಬಂದ ಕವಲನ್ನು ನೆಚ್ಚಬೇಡಿ. ‘ಓ’ ವಿಧವಾದರೆ, ವೃಕ್ಷದ ಬೇರು ಗುರುತಿಸಲು ದೂರದ ಕ್ಯಾಥೇ ಗುಂಪಿನ ‘ಓ’ ಸರಣಿ ಇಡಿ.

ಕವಲೊಡೆದ ಕಾಲ ಬೇಕೆಂದರೆ ಕಾಲ ಅಂದಾಜಿಸುವ ತಂತ್ರಾಂಶ ಬೀಸ್ಟ್‌ಗೆ ನೇರ ಹೋಗದೆ ಮೊದಲು ಟೆಂಪ್‌ಎಸ್ಟ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ನೋಡಿ: ವರ್ಷ ಸರಿದಂತೆ ಬೇರಿನಿಂದ ದೂರವೂ ಏರುತ್ತಿರಬೇಕು. ಒಂದೇ ಹಳ್ಳಿಯ, ಒಂದೇ ತಿಂಗಳ ಮಾದರಿಗಳಷ್ಟೇ ಇದ್ದರೆ ಆ ಏರು ಕಾಣುವುದಿಲ್ಲ; ಆಗ ವೃಕ್ಷ ಮಾತ್ರ ಪ್ರಕಟಿಸಿ, ಕಾಲ ಬರೆಯಬೇಡಿ.