ಲಿನಕ್ಸ್‌ನಲ್ಲಿ ಆಟೋಮ್ಯಾಟಿಕ್ ಲಾಗಿನ್: ಆನ್ ಮಾಡುವ ಮೊದಲು ಡಿಸ್ಕ್ ನೋಡಿಕೊಳ್ಳಿ

ಪವರ್ ಬಟನ್ ಒತ್ತಿದರೆ ಪಾಸ್‌ವರ್ಡ್ ಕೇಳದೆ ಸೀದಾ ಡೆಸ್ಕ್‌ಟಾಪ್ ಬರಬೇಕು. ಇಷ್ಟೇ ಅಲ್ವಾ ಬೇಕಿರುವುದು? ಲಿನಕ್ಸ್‌ನಲ್ಲಿ ಇದು ಒಂದು ಕ್ಲಿಕ್ಕಿನ ಕೆಲಸ. ಆದರೆ ಆ ಕ್ಲಿಕ್ ಮಾಡಬಹುದೋ ಬೇಡವೋ ಅನ್ನುವುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಕೆಲವರ ಕಂಪ್ಯೂಟರಿನಲ್ಲಿ ಇದರಿಂದ ಏನೂ ನಷ್ಟವಿಲ್ಲ, ಇನ್ನು ಕೆಲವರದ್ದರಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ಯಾರ ಕೈಗೆ ಬೇಕಾದರೂ ಸಿಗುವ ಹಾಗಾಗುತ್ತದೆ.

ಸ್ಟೆಪ್ 1: ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯಾ?

ಲಾಗಿನ್ ಪಾಸ್‌ವರ್ಡ್ ಇದ್ದರೆ ಫೈಲ್‌ಗಳು ಭದ್ರ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ, ಅಂದರೆ ಅದರಲ್ಲಿರುವುದನ್ನು ಕೀ ಇಲ್ಲದೆ ಓದಲಾಗದ ಹಾಗೆ ಮಾಡಿಲ್ಲದಿದ್ದರೆ, ಯಾರಾದರೂ ಒಂದು ಲೈವ್ ಪೆನ್‌ಡ್ರೈವ್ (ತನ್ನಿಂದಲೇ ಓಡುವ ಲಿನಕ್ಸ್ ಇರುವುದು) ಹಾಕಿ ಅದರಿಂದ ಬೂಟ್ ಮಾಡಿ, ಫೈಲ್ ಮ್ಯಾನೇಜರ್‌ನಲ್ಲಿ ನಿಮ್ಮ ಡಿಸ್ಕ್ ಮೇಲೆ ಕ್ಲಿಕ್ ಮಾಡಿದರೆ ಸಾಕು, ಫೋಟೋ, ದಾಖಲೆ, ಬ್ರೌಸರ್ ಪ್ರೊಫೈಲ್ ಎಲ್ಲವೂ ಅವರ ಮುಂದಿರುತ್ತದೆ. ನಿಮ್ಮ ಪಾಸ್‌ವರ್ಡ್ ಎಷ್ಟು ಉದ್ದ ಇದ್ದರೂ ಅಷ್ಟೇ, ಯಾಕೆಂದರೆ ಅದನ್ನು ಕೇಳುವ ಸಿಸ್ಟಂ ಅಲ್ಲಿ ಓಡುತ್ತಲೇ ಇಲ್ಲ. ಬೂಟ್ ಮೆನುವಿನಲ್ಲಿ ಒಂದು ಸಾಲು ತಿದ್ದಿ, ಪಾಸ್‌ವರ್ಡ್ ಇಲ್ಲದೆ, ಇಡೀ ಸಿಸ್ಟಂ ಮೇಲೆ ಅಧಿಕಾರ ಕೊಡುವ ರೂಟ್ ಶೆಲ್‌ಗೆ ಇಳಿಯುವ ದಾರಿಯೂ ಎಷ್ಟೋ ಕಂಪ್ಯೂಟರ್‌ಗಳಲ್ಲಿ ತೆರೆದೇ ಇರುತ್ತದೆ.

ಹಾಗಾದರೆ ಲಾಗಿನ್ ಪಾಸ್‌ವರ್ಡ್ ಯಾರನ್ನು ತಡೆಯುತ್ತದೆ? ನೀವು ಆಚೆ ಹೋದಾಗ ಎರಡು ನಿಮಿಷ ಬಂದು ಕೂತು ಇಣುಕುವವರನ್ನು. ಅದೂ ಸಣ್ಣ ವಿಷಯವಲ್ಲ. ಆದರೆ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋದವರನ್ನು ತಡೆಯುವುದು ಎನ್‌ಕ್ರಿಪ್ಷನ್ ಮಾತ್ರ. ಲಿನಕ್ಸ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ಬಳಸುವುದು ಲಕ್ಸ್ (LUKS) ಅನ್ನುವ ವ್ಯವಸ್ಥೆ.

ನಿಮ್ಮದರಲ್ಲಿ ಇದೆಯಾ ಅಂತ ನೋಡಲು ಡಿಸ್ಕ್ಸ್ ಆ್ಯಪ್ ತೆರೆದು ಪಾರ್ಟಿಷನ್ ಮೇಲೆ ಕ್ಲಿಕ್ ಮಾಡಿ. ಲಕ್ಸ್ ಅಂತ ಬರೆದಿದ್ದರೆ ಇದೆ. ಲಾಗಿನ್ ಸ್ಕ್ರೀನ್ ಬರುವುದಕ್ಕೂ ಮೊದಲು, ಬೂಟ್ ಆಗುವಾಗಲೇ ಒಂದು ಪಾಸ್‌ಫ್ರೇಸ್ ಕೇಳುತ್ತಿದ್ದರೆ ಆಗಲೂ ಇದೆ ಅಂತಲೇ ಅರ್ಥ. ಇಲ್ಲದಿದ್ದರೆ ಬ್ಯಾಕಪ್ ತೆಗೆದುಕೊಂಡು, ಮುಂದಿನ ಸಲ ಸಿಸ್ಟಂ ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಎನ್‌ಕ್ರಿಪ್ಷನ್ ಆಯ್ಕೆ ಟಿಕ್ ಮಾಡಿ. ಇರುವ ಸಿಸ್ಟಂ ಮೇಲೆಯೇ ಮಾಡುವ ವಿಧಾನವೂ ಇದೆ, ಆದರೆ ಅನುಭವ ಇಲ್ಲದವರು ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಸ್ಟೆಪ್ 2: ನಿಮಗೆ ಇದು ಬೇಕಾ, ಬೇಡವಾ

ಕಂಪ್ಯೂಟರ್ ಬಳಸುವವರು ನೀವೊಬ್ಬರೇ, ಇಡೀ ಡಿಸ್ಕ್ ಲಕ್ಸ್‌ನಲ್ಲಿದೆ, ಬೂಟ್ ಆಗುವಾಗ ಪಾಸ್‌ಫ್ರೇಸ್ ಹಾಕುತ್ತೀರಿ. ಹೀಗಿದ್ದರೆ ಧೈರ್ಯವಾಗಿ ಆನ್ ಮಾಡಿ. ಅರ್ಧ ನಿಮಿಷದ ಹಿಂದೆ ಪಾಸ್‌ಫ್ರೇಸ್ ಹಾಕಿದವರೇ ಈಗಲೂ ಮುಂದೆ ಕೂತಿರುತ್ತಾರೆ, ಅವರನ್ನು ಮತ್ತೆ ಕೇಳಿ ಸಿಗುವ ಭದ್ರತೆ ತೀರಾ ಕಡಿಮೆ.

ಎನ್‌ಕ್ರಿಪ್ಟ್ ಆಗದ ಲ್ಯಾಪ್‌ಟಾಪ್ ಹಿಡಿದುಕೊಂಡು ಓಡಾಡುವವರು ಮಾಡಬೇಡಿ. ಇರುವ ಒಂದು ತಡೆಯನ್ನೂ ನೀವೇ ತೆಗೆದ ಹಾಗಾಗುತ್ತದೆ. ನಾಲ್ಕು ಜನ ಬಳಸುವ ಕಂಪ್ಯೂಟರ್‌ನಲ್ಲೂ ಬೇಡ. ಟಿವಿಗೆ ಜೋಡಿಸಿ ಸುಮ್ನೆ ವೀಡಿಯೊ ನೋಡಲು ಇಟ್ಟ ಪೆಟ್ಟಿಗೆಯಾದರೆ ಮಾಡಬಹುದು, ಆದರೆ ಅದಕ್ಕೆ ಸುಡೋ ಅಧಿಕಾರ (ಸಿಸ್ಟಂ ಬದಲಾಯಿಸುವ ಅನುಮತಿ) ಇಲ್ಲದ ಬೇರೆ ಅಕೌಂಟ್ ಮಾಡಿ, ಆ ಅಕೌಂಟಿನ ಬ್ರೌಸರ್‌ನಲ್ಲಿ ಇಮೇಲ್, ಬ್ಯಾಂಕ್ ತೆರೆಯಬೇಡಿ.

ಹೋಂ ಫೋಲ್ಡರ್ ಮಾತ್ರ ಎನ್‌ಕ್ರಿಪ್ಟ್ ಮಾಡಿಕೊಂಡವರಿಗೆ ಇದು ಆಗಿಬರುವುದಿಲ್ಲ. ಆ ಫೋಲ್ಡರ್ ತೆರೆಯುವುದೇ ಲಾಗಿನ್ ಪಾಸ್‌ವರ್ಡ್‌ನಿಂದ.

ಇನ್ನೊಂದು ಮಾತು. ಆಟೋಮ್ಯಾಟಿಕ್ ಲಾಗಿನ್ ಆನ್ ಮಾಡಿದರೆ ಇಂಟರ್‌ನೆಟ್ ಮೂಲಕ ಯಾರೋ ಒಳಗೆ ಬರುತ್ತಾರೆ ಅನ್ನುವ ಹೆದರಿಕೆ ಬೇಡ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಬರುವವರಿಗೆ ಮೊದಲಿನ ಹಾಗೆಯೇ ಪಾಸ್‌ವರ್ಡ್ ಅಥವಾ ಕೀ ಬೇಕು. ಇಲ್ಲಿ ಜಾಸ್ತಿಯಾಗುವ ಅಪಾಯ, ಕಂಪ್ಯೂಟರನ್ನು ಕೈಯಿಂದ ಮುಟ್ಟಬಲ್ಲವರಿಂದ.

ಸ್ಟೆಪ್ 3: ಆನ್ ಮಾಡುವುದು

ನಿಮ್ಮ ಡೆಸ್ಕ್‌ಟಾಪ್ ಗ್ನೋಮ್ ಆಗಿದ್ದರೆ ಸೆಟ್ಟಿಂಗ್ಸ್ ತೆರೆದು ಯೂಸರ್ಸ್‌ಗೆ (ಹೊಸ ಆವೃತ್ತಿಗಳಲ್ಲಿ ಇದು ಸಿಸ್ಟಂ ಒಳಗಿದೆ) ಹೋಗಿ, ಅನ್‌ಲಾಕ್ ಒತ್ತಿ, ಆಟೋಮ್ಯಾಟಿಕ್ ಲಾಗಿನ್ ಸ್ವಿಚ್ ಆನ್ ಮಾಡಿ. ಕೆಡಿಇ ಡೆಸ್ಕ್‌ಟಾಪ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ಲಾಗಿನ್ ಸ್ಕ್ರೀನ್ ಭಾಗದಲ್ಲಿ, ಲಿನಕ್ಸ್ ಮಿಂಟ್‌ನಲ್ಲಿ ಲಾಗಿನ್ ವಿಂಡೋ ಅನ್ನುವ ಆ್ಯಪ್‌ನಲ್ಲಿ ಸಿಗುತ್ತದೆ. ಅಷ್ಟೇ.

ಆದರೆ ಪಾಸ್‌ವರ್ಡ್ ಮರೆಯಬೇಡಿ. ಲಾಗ್‌ಔಟ್ ಆದರೆ, ಸ್ಕ್ರೀನ್ ಲಾಕ್ ಆದರೆ, ಸುಡೋ ಬಳಸಿದರೆ ಅದನ್ನೇ ಕೇಳುತ್ತದೆ. ದಿನಾ ಟೈಪ್ ಮಾಡುವುದು ತಪ್ಪಿದ ಮೇಲೆ ಅದು ಬೆರಳಿನಿಂದಲೂ ತಲೆಯಿಂದಲೂ ಮಾಯವಾಗಿರುತ್ತದೆ, ಹಾಗಾಗಿ ಎಲ್ಲಾದರೂ ಜೋಪಾನವಾಗಿ ಬರೆದಿಡಿ. ಸುಡೋ ಕೂಡ ಪಾಸ್‌ವರ್ಡ್ ಕೇಳದ ಹಾಗೆ ಮಾಡಿಕೊಳ್ಳುವವರಿದ್ದಾರೆ. ದಯವಿಟ್ಟು ಅದು ಬೇಡ. ಡೆಸ್ಕ್‌ಟಾಪ್ ತೆರೆದಿದ್ದರೂ ಇಡೀ ಸಿಸ್ಟಂ ಬದಲಾಯಿಸಲು ಬಿಡದೆ ತಡೆಯುವುದು ಆ ಪ್ರಶ್ನೆಯೇ.

ಸ್ಟೆಪ್ 4: ಕೀರಿಂಗ್ ಕಿರಿಕಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಆಟೋಮ್ಯಾಟಿಕ್ ಲಾಗಿನ್ ಆನ್ ಮಾಡಿ ಕ್ರೋಮ್ ತೆರೆಯುತ್ತೀರಿ. ತಕ್ಷಣ ಒಂದು ಡಬ್ಬಿ ಮುಂದೆ ಬಂದು, ಲಾಗಿನ್ ಕೀರಿಂಗ್ ತೆರೆದಿಲ್ಲ, ಪಾಸ್‌ವರ್ಡ್ ಹಾಕಿ ಅನ್ನುತ್ತದೆ. ಪಾಸ್‌ವರ್ಡ್ ಬೇಡ ಅಂತ ತಾನೇ ಇಷ್ಟೆಲ್ಲ ಮಾಡಿದ್ದು ಅಂತ ಸಿಟ್ಟು ಬರುತ್ತದೆ.

ಹೀಗಾಗಲು ಕಾರಣ ಇದೆ. ಕೆಲವು ಸಿಸ್ಟಂಗಳಲ್ಲಿ ನಿಮ್ಮ ವೈಫೈ ಪಾಸ್‌ವರ್ಡ್, ಇಮೇಲ್ ಅಕೌಂಟಿನ ಗುಟ್ಟು, ಕ್ರೋಮ್ ತನ್ನಲ್ಲಿರುವ ಪಾಸ್‌ವರ್ಡ್‌ಗಳನ್ನು ಮುಚ್ಚಿಡಲು ಬಳಸುವ ಕೀ, ಇಂಥವೆಲ್ಲ ಕೀರಿಂಗ್ ಒಳಗಿರುತ್ತವೆ. ಕೀರಿಂಗ್‌ಗೆ ಬೀಗ ನಿಮ್ಮ ಲಾಗಿನ್ ಪಾಸ್‌ವರ್ಡ್. ಮಾಮೂಲಿಯಾಗಿ ನೀವು ಲಾಗಿನ್ ಆಗುವಾಗ ಟೈಪ್ ಮಾಡಿದ್ದನ್ನೇ ಸಿಸ್ಟಂ ಕೀರಿಂಗ್‌ಗೂ ದಾಟಿಸುತ್ತದೆ, ಅದು ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಈಗ ನೀವು ಏನೂ ಟೈಪ್ ಮಾಡಿಲ್ಲ. ದಾಟಿಸಲು ಏನೂ ಇಲ್ಲ. ಕೆಡಿಇಯ ಕೆವಾಲೆಟ್ ಕೂಡ ಹೀಗೇ ಕೇಳುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಏನೆಂದರೆ, ಪಾಸ್‌ವರ್ಡ್ಸ್ ಅಂಡ್ ಕೀಸ್ ಆ್ಯಪ್‌ನಲ್ಲಿ ಲಾಗಿನ್ ಕೀರಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ, ಪಾಸ್‌ವರ್ಡ್ ಬದಲಿಸುವ ಕಡೆ ಹೊಸದನ್ನು ಖಾಲಿ ಬಿಡಿ. ಕಿರಿಕಿರಿ ಹೋಗುತ್ತದೆ, ನಿಜ. ಆದರೆ ಆಮೇಲೆ ಆ ಗುಟ್ಟುಗಳೆಲ್ಲ ಹೋಂ ಫೋಲ್ಡರ್‌ನ ಒಳಗೆ ಒಂದು ಸಾದಾ ಫೈಲ್‌ನಲ್ಲಿ, ಟೆಕ್ಸ್ಟ್ ಎಡಿಟರ್‌ನಲ್ಲೇ ಓದುವ ಹಾಗೆ ಇರುತ್ತವೆ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದವರು ಇದನ್ನು ಮಾಡಲೇಬೇಡಿ. ಕೇಳಿದಾಗ ಒಂದು ಸಲ ಪಾಸ್‌ವರ್ಡ್ ಹಾಕಿ, ಲಾಗ್‌ಔಟ್ ಆಗುವವರೆಗೆ ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ. ಲಕ್ಸ್ ಇರುವವರು ಖಾಲಿ ಬಿಡಬಹುದು, ಕಂಪ್ಯೂಟರ್ ಆಫ್ ಇದ್ದಾಗ ಆ ಫೈಲೂ ಎನ್‌ಕ್ರಿಪ್ಷನ್ ಒಳಗೇ ಇರುತ್ತದೆ. ಆದರೆ ನಿಮ್ಮ ಬ್ಯಾಕಪ್ ಎಲ್ಲಿಗೆ ಹೋಗುತ್ತದೆ ನೋಡಿಕೊಳ್ಳಿ. ಹೋಂ ಫೋಲ್ಡರನ್ನು ಹಾಗೆಯೇ ಒಂದು ಸಾದಾ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿದರೆ ಆ ಫೈಲ್ ಕೂಡ ಅಲ್ಲಿಗೆ ಹೋಗಿ ಎಲ್ಲರಿಗೂ ಓದಲು ಸಿಗುತ್ತದೆ. ಬ್ಯಾಕಪ್ ಡಿಸ್ಕನ್ನೂ ಎನ್‌ಕ್ರಿಪ್ಟ್ ಮಾಡಿ.

ಇದಕ್ಕಿಂತ ಚೆಂದದ ದಾರಿ ಫೆಡೋರಾ ಲಿನಕ್ಸ್‌ನಲ್ಲಿದೆ. ಲಕ್ಸ್ ಪಾಸ್‌ಫ್ರೇಸ್ ಮತ್ತು ಕೀರಿಂಗ್ ಪಾಸ್‌ವರ್ಡ್ ಎರಡೂ ಒಂದೇ ಇದ್ದರೆ, ಬೂಟ್ ಆಗುವಾಗ ಹಾಕಿದ್ದನ್ನೇ ಜಿಡಿಎಂ (ಗ್ನೋಮ್‌ನ ಲಾಗಿನ್ ಸ್ಕ್ರೀನ್ ನೋಡಿಕೊಳ್ಳುವ ಪ್ರೋಗ್ರಾಂ) ತೆಗೆದುಕೊಂಡು ಕೀರಿಂಗ್ ತೆರೆಯಬಲ್ಲದು. ಖಾಲಿ ಬಿಡುವ ಮೊದಲು ಇದನ್ನು ಪ್ರಯತ್ನಿಸಿ.

ಫೈರ್‌ಫಾಕ್ಸ್‌ನದು ಬೇರೆ ಕಥೆ. ಅದರ ಪಾಸ್‌ವರ್ಡ್‌ಗಳು ಕೀರಿಂಗ್‌ನಲ್ಲಿ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೈಮರಿ ಪಾಸ್‌ವರ್ಡ್ ಇಟ್ಟುಕೊಂಡಿಲ್ಲದಿದ್ದರೆ ಡೆಸ್ಕ್‌ಟಾಪ್ ಮುಂದೆ ಕೂತ ಯಾರಿಗಾದರೂ ಅವು ಕಾಣುತ್ತವೆ. ಇಟ್ಟುಕೊಳ್ಳಿ.

ಸ್ಟೆಪ್ 5: ಸ್ಕ್ರೀನ್ ಲಾಕ್ ಮುಟ್ಟಬೇಡಿ

ಆಟೋಮ್ಯಾಟಿಕ್ ಲಾಗಿನ್ ಜೊತೆಗೆ ಸ್ಕ್ರೀನ್ ಲಾಕ್ ಕೂಡ ಆಫ್ ಮಾಡಿಬಿಡುವವರು ಬಹಳ. ಇವೆರಡೂ ಬೇರೆ ಬೇರೆ. ಲ್ಯಾಪ್‌ಟಾಪ್ ಮುಚ್ಚಿದಾಗ ಅದು ಆಫ್ ಆಗುವುದಿಲ್ಲ, ಸಸ್ಪೆಂಡ್ ಆಗುತ್ತದೆ. ಆಗ ಲಕ್ಸ್ ಕೀ ಸಾಮಾನ್ಯವಾಗಿ ಮೆಮೊರಿಯಲ್ಲೇ ಉಳಿದಿರುತ್ತದೆ, ಅಂದರೆ ಡಿಸ್ಕ್ ತೆರೆದೇ ಇದೆ, ಅಡ್ಡ ಇರುವುದು ಸ್ಕ್ರೀನ್ ಲಾಕ್ ಒಂದೇ. ಪ್ರಯಾಣ ಹೊರಟಿದ್ದರೆ ಸಸ್ಪೆಂಡ್ ಬೇಡ, ಪೂರ್ತಿ ಶಟ್‌ಡೌನ್ ಮಾಡಿ.

ಲಕ್ಸ್ ಪಾಸ್‌ಫ್ರೇಸ್ ಬದಲು, ಕಂಪ್ಯೂಟರಿನ ಒಳಗೇ ಇದ್ದು ಕೀ ಕಾಪಾಡುವ ಟಿಪಿಎಂ ಚಿಪ್‌ನಿಂದ ಡಿಸ್ಕ್ ತಾನಾಗಿ ತೆರೆಯುವ ಹಾಗೆ ಮಾಡಿಕೊಂಡವರು ಇಲ್ಲಿ ಜಾಸ್ತಿ ಎಚ್ಚರ ವಹಿಸಬೇಕು. ಡಿಸ್ಕೂ ಕೇಳುವುದಿಲ್ಲ, ಲಾಗಿನ್ನೂ ಕೇಳುವುದಿಲ್ಲ, ಕದ್ದವರು ಪವರ್ ಬಟನ್ ಒತ್ತಿದರೆ ನಿಮ್ಮ ಡೆಸ್ಕ್‌ಟಾಪ್ ಬರುತ್ತದೆ. ಟಿಪಿಎಂ ಜೊತೆಗೆ ಪಿನ್ ಇಡಿ. ಆಗದಿದ್ದರೆ ಆಟೋಮ್ಯಾಟಿಕ್ ಲಾಗಿನ್ ಬಿಟ್ಟುಬಿಡಿ.

ಎಲ್ಲ ಮುಗಿದ ಮೇಲೆ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಡೆಸ್ಕ್‌ಟಾಪ್ ಬರುವವರೆಗೆ ಒಂದು ಸಲವಾದರೂ ಏನಾದರೂ ಕೇಳಿತೇ ನೋಡಿ. ಕೇಳದಿದ್ದರೆ, ಪವರ್ ಬಟನ್ ಒತ್ತಿದ ಯಾರಿಗಾದರೂ ನಿಮ್ಮ ಡೆಸ್ಕ್‌ಟಾಪ್ ಸಿಗುತ್ತದೆ ಅಂತ ಅರ್ಥ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಒಂದು ನಿಮಿಷ ಬಿಟ್ಟು ತೆರೆಯಿರಿ. ಪಾಸ್‌ವರ್ಡ್ ಕೇಳದೆ ನೇರ ಡೆಸ್ಕ್‌ಟಾಪ್ ಕಂಡರೆ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಲಾಕ್ ಹುಡುಕಿ, ಸಸ್ಪೆಂಡ್ ಆದಾಗ ಲಾಕ್ ಆಗುವ ಆಯ್ಕೆಯನ್ನು ಆನ್ ಮಾಡಿ.